ಬಾಯಿ ತುಂಬ ಸ್ಕ್ರೂ

ಬಡಗಿಯ ಹೊಟ್ಟೆಯಲ್ಲಿ ಯಾವ ಮಾತೂ ಅರ್ಧ ದಿನಕ್ಕಿಂತ ಹೆಚ್ಚು ನಿಂತದ್ದಿಲ್ಲ. ಕೆಟ್ಟ ಮಾತಲ್ಲ, ಚಾಡಿಯೂ ಅಲ್ಲ; ತಾನು ಮಾಡಿದ ಒಳ್ಳೆಯ ಕೆಲಸದ ಮಾತು. ಪಕ್ಕದ ಮನೆಯ ಅಜ್ಜಿಯ ಕಿಟಕಿಗೆ ಹೊಸ ಬಿಜಾಗರಿ ಹಾಕಿಕೊಟ್ಟನೆಂದರೆ, ಸಂಜೆಯೊಳಗೆ ಹಾಲಿನ ಅಂಗಡಿಯವನಿಗೆ, ಕ್ಷೌರದವನಿಗೆ, ಬಸ್ಸಿಗೆ ಕಾಯುತ್ತ ನಿಂತ ಗುರುತಿಲ್ಲದ ಮನುಷ್ಯನಿಗೂ ಆ ಬಿಜಾಗರಿಯ ಪೂರ್ತಿ ಚರಿತ್ರೆ ತಿಳಿದಿರುತ್ತಿತ್ತು. ಹೊಗಳಲಿ ಎಂದು ಹೇಳುತ್ತಿರಲಿಲ್ಲ ಪಾಪ. ಹೇಳದಿದ್ದರೆ ಕೆಲಸ ಮುಗಿದಂತೆ ಅನ್ನಿಸುತ್ತಿರಲಿಲ್ಲ, ಪಾಲಿಶ್ ಹೊಡೆಯದೆ ಬಿಟ್ಟ ಮೇಜಿನ ಹಾಗೆ.

“ನೀವೊಂದು ಮೊಳೆ ಹೊಡೆದರೆ ಸುತ್ತಿಗೆ ನಾಲ್ಕು ಸಲ ಸದ್ದು ಮಾಡತ್ತೆ, ನೀವು ನಾಲ್ಕು ದಿನ ಮಾಡ್ತೀರಿ” ಎನ್ನುತ್ತಿದ್ದಳು ಹೆಂಡತಿ.

ಒಂದು ಭಾನುವಾರ ಪಾದ್ರಿಗಳ ಪ್ರಸಂಗ ಬಂದು ನೇರವಾಗಿ ಅವನ ನೆತ್ತಿಯ ಮೇಲೆ ಕೂತಿತು. ಒಳ್ಳೆಯದನ್ನು ಮಾಡಿ ತುತ್ತೂರಿ ಊದುವವನಿಗೆ ಜನರ ಭೇಷ್ ಎನ್ನುವ ಮಾತೇ ಪ್ರತಿಫಲ, ಅದು ಅವನಿಗೆ ಆಗಲೇ ಸಿಕ್ಕಿಹೋಯಿತು, ದೇವರ ಕಡೆಯಿಂದ ಇನ್ನೇನೂ ಬರುವುದಿಲ್ಲ ಎಂದರು ಪಾದ್ರಿಗಳು. ಗುಟ್ಟಾಗಿ ಮಾಡಿದ್ದನ್ನು ಮಾತ್ರ ಮೇಲಿನವನು ನೋಡಿಟ್ಟುಕೊಳ್ಳುತ್ತಾನೆ ಎಂದರು. ಹೆಂಡತಿ ಮೊಣಕೈಯಿಂದ ಅವನ ಪಕ್ಕೆಗೆ ಒಂದು ತಿವಿದಳು. ಮೆತ್ತಗೇನಲ್ಲ.

ಬಡಗಿ ಕೂತಲ್ಲೇ ಬೆವೆತ. ಐವತ್ತೆರಡು ವರ್ಷಗಳಲ್ಲಿ ಯಾರಿಗೂ ಹೇಳದ ಒಂದಾದರೂ ಒಳ್ಳೆಯ ಕೆಲಸ ಇದೆಯೇ ಎಂದು ಹುಡುಕಿದ. ತೊಟ್ಟಿಲಿನಿಂದ ಶವಪೆಟ್ಟಿಗೆಯವರೆಗೆ ಎಷ್ಟೊಂದು ಪುಕ್ಕಟೆ ಕೆಲಸ ಮಾಡಿಕೊಟ್ಟಿದ್ದ. ಹೇಳದೆ ಬಿಟ್ಟದ್ದು ಒಂದೂ ಇಲ್ಲ. ಶವಪೆಟ್ಟಿಗೆಯದ್ದನ್ನಂತೂ ಸಮಾಧಿಯ ಪಕ್ಕದಲ್ಲೇ ನಿಂತು ಹೇಳಿದ್ದ.

ಒಂದೇ ಒಂದು ಮಾಡುತ್ತೇನೆ ಕರ್ತನೇ, ಎಂದುಕೊಂಡ. ಒಂದೇ ಒಂದು. ಸಾಯುವವರೆಗೂ ತುಟಿ ಬಿಚ್ಚುವುದಿಲ್ಲ.

ಯಾವ ಕೆಲಸವೆಂದು ಹುಡುಕಬೇಕಾಗಿಯೂ ಇರಲಿಲ್ಲ. ಹಿಂದೆ ತಿರುಗಿ ನೋಡಿದರೆ ಬಾಗಿಲ ಬಳಿ ಟೀಚರಮ್ಮ ನಿಂತಿದ್ದರು. ಸಭೆಯ ಅರ್ಧ ಜನರಿಗೆ ಲೆಕ್ಕ ಕಲಿಸಿ, ಕಿವಿ ಹಿಂಡಿ ದೊಡ್ಡವರನ್ನಾಗಿ ಮಾಡಿದವರು. ಗಂಡ ತೀರಿಕೊಂಡು ನಾಲ್ಕು ವರ್ಷ. ಅವರದ್ದು ತುಂಬಿದ ಮೈ. ಅವರು ಯಾವಾಗಲೂ ಕೂರುತ್ತಿದ್ದ ಎಡಸಾಲಿನ ಮೂರನೇ ಬೆಂಚು ಈಚೆಗೆ ಅವರು ಕೂತೊಡನೆ ಬಾತುಕೋಳಿಯ ಕೊರಳು ಹಿಚುಕಿದಂತೆ ಕೂಗುತ್ತಿತ್ತು. ಕೂತಾಗ ಒಂದು ಸಲ, ಎದ್ದಾಗ ಒಂದು ಸಲ, ಮಂಡಿಯೂರಿದರೆ ಉದ್ದಕ್ಕೆ. ಮಕ್ಕಳು ಅದಕ್ಕೇ ಕಾಯುತ್ತಿದ್ದರು. ದೊಡ್ಡವರು ಗೀತೆಪುಸ್ತಕದ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಎರಡು ತಿಂಗಳಿನಿಂದ ಟೀಚರಮ್ಮ, “ನನ್ನ ಮಂಡಿಗೆ ನಿಂತರೇ ಹಿತ” ಎಂದು ಹೇಳಿ ಬಾಗಿಲ ಬಳಿ ನಿಲ್ಲತೊಡಗಿದ್ದರು. ಎರಡು ವಾರದಿಂದ ಪ್ರಸಂಗ ಮುಗಿಯುವ ಮೊದಲೇ ಹೊರಟುಹೋಗುತ್ತಿದ್ದರು. ಬೆಂಚು ರಿಪೇರಿ ಮಾಡಿಸಬೇಕೆಂದು ಸಭೆಯ ಕಮಿಟಿ ಮೂರು ಸಲ ತೀರ್ಮಾನ ಮಾಡಿತ್ತು. ಕಮಿಟಿಯ ಕಾರ್ಯದರ್ಶಿ ಬಡಗಿಯ ಬಾವಮೈದ, ಹೆಂಡತಿಯ ತಮ್ಮ. ಮೂರು ತೀರ್ಮಾನಗಳನ್ನೂ ಬಹಳ ಚೆಂದದ ಅಕ್ಷರದಲ್ಲಿ ಬರೆದಿಟ್ಟಿದ್ದ.

ಬುಧವಾರ ಮಧ್ಯಾಹ್ನ ಬಡಗಿ ಸಾಮಾನಿನ ಚೀಲಕ್ಕೆ ಮಳೆಕೋಟು ಸುತ್ತಿಕೊಂಡು ಚರ್ಚಿಗೆ ಹೋದ. ಮಧ್ಯಾಹ್ನದ ಹೊತ್ತು ಪ್ರಾರ್ಥಿಸುವವರಿಗಾಗಿ ಬಾಗಿಲು ತೆರೆದಿರುತ್ತದೆ, ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಬೆಂಚಿನ ಕೆಳಗೆ ಅಂಗಾತ ಮಲಗಿ ನೋಡಿದ. ಕೂರುವ ಹಲಗೆ ಪಕ್ಕದ ಹಲಗೆಯಲ್ಲಿ ಕೊರೆದ ಕಚ್ಚಿನಿಂದ ಒಂದು ಕೂದಲೆಳೆಯಷ್ಟು ಸಡಿಲವಾಗಿತ್ತು, ಅಷ್ಟೇ. ಇಷ್ಟಕ್ಕೆ ಒಬ್ಬ ಹೆಂಗಸು ಚರ್ಚಿನ ಹೊರಗಾಗಬೇಕೇ. ಹಳೆಯ ಅಂಟು ಕೆರೆದ, ಹೊಸದು ತುಂಬಿದ, ತುಕ್ಕು ಹಿಡಿದವನ್ನು ಕಿತ್ತು ಆರು ಹೊಸ ಸ್ಕ್ರೂ ಹಾಕಿದ. ಅವನದ್ದೊಂದು ಅಭ್ಯಾಸ, ಕೆಲಸ ಮಾಡುವಾಗ ಬೇಕಾದ ಸ್ಕ್ರೂಗಳನ್ನೆಲ್ಲ ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಳ್ಳುವುದು. ಇನ್ನೊಂದು ಅಭ್ಯಾಸ, ಕೊನೆಯ ತಿರುವಿನಲ್ಲಿ ಪ್ರತಿ ಸ್ಕ್ರೂವಿನ ತಲೆಯ ಗೀರನ್ನೂ ನೆಟ್ಟಗೆ ಒಂದೇ ದಿಕ್ಕಿಗೆ ನಿಲ್ಲಿಸುವುದು. ಯಾರಿಗೂ ಕಾಣದ ಕಡೆಯಲ್ಲೂ ಹಾಗೇ ಮಾಡುತ್ತಿದ್ದ. ಅದಕ್ಕೆ ಕಾರಣವಿಲ್ಲ. ಹಾಗಿದ್ದರೆ ಕಣ್ಣಿಗೆ ತಂಪು.

ಮುಗಿಸಿ ತಾನೇ ಕೂತು ನೋಡಿದ. ಎದ್ದ, ಕೂತ, ಕುಣಿದು ಕೂತ. ಬಾತುಕೋಳಿ ಇಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಹಾಡಿಕೊಂಡು ಹೋದ. ಹಾಲಿನ ಅಂಗಡಿಯವನು ಕರೆದರೂ ನಿಲ್ಲಲಿಲ್ಲ. ನಿಂತರೆ ಬಾಯಿ ಕೆಟ್ಟದ್ದು.

“ಎಲ್ಲಿ ಹೋಗಿದ್ರಿ?” ಎಂದಳು ಹೆಂಡತಿ.

ಸುಳ್ಳು ಹೇಳುವಂತಿಲ್ಲ, ನಿಜವನ್ನಂತೂ ಹೇಳುವ ಹಾಗೇ ಇಲ್ಲ. ಬಡಗಿ ಜೇಬಿಗೆ ಕೈ ಹಾಕಿ ನಾಲ್ಕು ಸ್ಕ್ರೂ ತೆಗೆದು ಬಾಯಲ್ಲಿಟ್ಟುಕೊಂಡು, “ಉಂ” ಎಂದ.

“ಊಟಕ್ಕೆ ಕೂತಾಗಲೂ ಇಟ್ಕೊಂಡಿರ್ತೀರಾ ಅದನ್ನ?”

“ಉಂಹುಂ.”

ಹೆಂಡತಿ ಅವನನ್ನು ಒಂದು ಗಳಿಗೆ ನೋಡಿದಳು. ಅಂಗಿಯ ಬೆನ್ನಿಗೆ ಮೆತ್ತಿದ್ದ ಧೂಳನ್ನು ಕೈಯಿಂದ ಕೊಡವಿದಳು.

ಭಾನುವಾರ ಬಂತು. ಹಿಂದಿನ ಸಾಲೆಲ್ಲ ತುಂಬಿ, ಬಾಗಿಲ ಬಳಿ ಒಂದು ಮಗುವಿನ ತಳ್ಳುಗಾಡಿ ನಿಂತು, ಟೀಚರಮ್ಮನಿಗೆ ನಿಲ್ಲಲೂ ಜಾಗವಿರಲಿಲ್ಲ. ಯಾರೋ ಕೈಹಿಡಿದು ಮೂರನೇ ಬೆಂಚಿಗೆ ಕರೆತಂದರು. ಮಕ್ಕಳೆಲ್ಲ ಕತ್ತು ತಿರುಗಿಸಿದರು. ಟೀಚರಮ್ಮ ಕಣ್ಣು ಮುಚ್ಚಿಕೊಂಡು, ತಣ್ಣೀರಿಗೆ ಇಳಿಯುವವರಂತೆ, ಇಂಚಿಂಚಾಗಿ ಕೂತರು.

ಸದ್ದಿಲ್ಲ.

ಒಂದು ಕಣ್ಣು ತೆರೆದರು. ಸ್ವಲ್ಪ ಎತ್ತರಿಸಿ ಮತ್ತೆ ಕೂತರು. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಆಮೇಲೆ ಎಪ್ಪತ್ತೊಂದು ವರ್ಷದ ಆ ಹೆಂಗಸು ಶಾಲೆಯ ಹುಡುಗಿಯ ಹಾಗೆ ಎರಡು ಸಲ ಪುಟಿದರು, ಆಮೇಲೆ ಗೀತೆಪುಸ್ತಕ ತೆರೆದು ಗಂಟಲು ಬಿಟ್ಟು ಹಾಡಿದರು. ಮೂರು ಸಾಲು ಹಿಂದೆ ಕೂತಿದ್ದ ಬಡಗಿಗೆ ತಾನು ನೆಲದಿಂದ ನಾಲ್ಕು ಬೆರಳು ಮೇಲಿದ್ದೇನೆ ಅನ್ನಿಸಿತು.

ಆರಾಧನೆ ಮುಗಿಯುವ ಹೊತ್ತಿಗೆ ಪಾದ್ರಿಗಳು, “ಮೂರನೇ ಬೆಂಚನ್ನ ಯಾರೋ ಸರಿಮಾಡಿದ್ದಾರೆ. ಯಾರು ಅಂತ ತಿಳಿದರೆ ಸಂತೋಷ” ಎಂದರು.

ಚರ್ಚಿನ ಹೂದಾನಿಗಳನ್ನು ಜೋಡಿಸುವ ದರ್ಜಿಯಮ್ಮ ಎದ್ದು ನಿಂತಳು. “ನಾನು ನೋಡಿದೆ. ಬುಧವಾರ ಮೂರು ಗಂಟೆಗೆ ನಮ್ಮ ಕಾರ್ಯದರ್ಶಿಗಳು ಒಳಗಿಂದ ಬಂದ್ರು. ಕೈಯಲ್ಲಿ ಸುತ್ತಿಗೆ ಇತ್ತು.”

ಎಲ್ಲರೂ ಬಾವಮೈದನ ಕಡೆ ತಿರುಗಿದರು. ವಿಮೆ ಏಜೆಂಟ್, ಇಸ್ತ್ರಿ ಮುರಿಯದ ಅಂಗಿ, ಸುತ್ತಿಗೆಗೂ ಸೌಟಿಗೂ ವ್ಯತ್ಯಾಸ ತಿಳಿಯದವನು. ಅವನು ಸುಳ್ಳು ಹೇಳುವವನಲ್ಲ. ಆದರೆ ನಿಜ ತಾನಾಗಿ ಬಂದು ಕದ ತಟ್ಟದಿದ್ದರೆ ಹೋಗಿ ಕರೆತರುವವನೂ ಅಲ್ಲ. ಬಾಯಿ ತೆರೆದ. ಅಷ್ಟರಲ್ಲಿ ಚಪ್ಪಾಳೆ ಶುರುವಾಗಿತ್ತು. ಬಾಯಿ ಮುಚ್ಚಿ, ಮದುಮಗಳ ಹಾಗೆ ತಲೆ ತಗ್ಗಿಸಿಬಿಟ್ಟ.

ಬಡಗಿಯ ಎದೆಯೊಳಗೆ ಬಾಯ್ಲರ್ ಕುದಿಯಿತು. ಏಳಬೇಕೆಂದು ಮಂಡಿಯ ಮೇಲೆ ಕೈ ಊರಿದ, ಪುನಃ ತೆಗೆದ.

ಪ್ರತಿ ಭಾನುವಾರ ಬಾವಮೈದನ ಊಟ ಅಕ್ಕನ ಮನೆಯಲ್ಲೇ. ಅವತ್ತೂ ಬಂದ. ಬೆಂಚಿನ ವಿಷಯ ಎತ್ತುವುದಿಲ್ಲವೆಂದು ದಾರಿಯಲ್ಲಿ ನಿಶ್ಚಯಿಸಿಕೊಂಡಿದ್ದನೋ ಏನೋ, ಎರಡನೇ ಆಲೂಗಡ್ಡೆಯವರೆಗೆ ತಡೆದುಕೊಂಡ.

“ಏನೇ ಹೇಳಿ ಬಾವ, ಮರದ ಕೆಲಸದಲ್ಲಿ ಅಂಟು ಮುಖ್ಯ. ಅಂಟಿಗೆ ತಾಳ್ಮೆ ಬೇಕು.”

ಬಡಗಿ ಒಂದಿಡೀ ಆಲೂಗಡ್ಡೆಯನ್ನು ಬಾಯಿಗೆ ತುಂಬಿದ.

“ನಿಮ್ಮಂಥವರಿಗೆ ಕೈಯಲ್ಲಿ ಅಭ್ಯಾಸ ಇರತ್ತೆ, ಒಪ್ಪುತ್ತೀನಿ. ಆದರೆ ಹೊರಗಿನವರ ಕಣ್ಣಿಗೆ ಕೆಲವು ವಿಷಯ ಬೇಗ ಹೊಳೆಯತ್ತೆ.”

ಬಡಗಿ ಇನ್ನೊಂದು ತುಂಬಿದ. ಕಣ್ಣಲ್ಲಿ ನೀರು ಬಂತು.

“ನಿಧಾನವಾಗಿ ತಿನ್ರೀ” ಎಂದಳು ಹೆಂಡತಿ. “ತಮ್ಮನ ಮಾತು ಕೇಳಿ ಅಷ್ಟೊಂದು ಭಾವುಕರಾದ್ರೆ ಹೇಗೆ?”

ಊಟವಾದ ಮೇಲೆ ಬಡಗಿ ಹಿತ್ತಲಿನ ಕಾರ್ಖಾನೆಗೆ ಹೋಗಿ, ಅಂಟಿನ ಡಬ್ಬಿಗಳ ನಡುವೆ ನಿಂತು ಪ್ರಾರ್ಥಿಸಿದ. “ಕರ್ತನೇ, ನೀನು ನೋಡಿದ್ದೀಯಲ್ಲ. ಅಷ್ಟು ಸಾಕು ಅಂತ ನನಗೆ ಅನ್ನಿಸೋ ಹಾಗೆ ಮಾಡು. ಸದ್ಯಕ್ಕೆ ಅನ್ನಿಸ್ತಾ ಇಲ್ಲ.”

ಗುರುವಾರ ಮಧ್ಯಾಹ್ನ ಕಾರ್ಖಾನೆಯ ಬಾಗಿಲು ಕಿರ್ರೆಂದು ನೆಲಕ್ಕೆ ಉಜ್ಜಿಕೊಂಡು ತೆರೆಯಿತು. ಹನ್ನೊಂದು ವರ್ಷದಿಂದ ಹಾಗೇ ಉಜ್ಜುತ್ತಿತ್ತು. ಊರಿನ ಬಾಗಿಲುಗಳನ್ನೆಲ್ಲ ಸರಿಮಾಡುವವನಿಗೆ ತನ್ನ ಬಾಗಿಲಿಗೆ ಪುರುಸೊತ್ತಿರಲಿಲ್ಲ. ಬಾವಮೈದ ಒಂದು ಗೋಣಿಚೀಲ ಹೊತ್ತು ಒಳಗೆ ಬಂದ. ಅಂಗಿಯ ಇಸ್ತ್ರಿ ಮುರಿದಿತ್ತು.

“ಬಾವ, ಒಂದು ಸಣ್ಣ ವಿಷಯ” ಎಂದು ಚೀಲವನ್ನು ನೆಲಕ್ಕೆ ಸುರಿದ. ಮರದ ತುಂಡುಗಳು ಗಲಗಲ ಬಿದ್ದವು. “ಇದು ಟೀಚರಮ್ಮನ ತೂಗುಕುರ್ಚಿ.”

“ಕುರ್ಚಿನಾ?”

“ನಿನ್ನೆಯವರೆಗೆ. ಅವರ ಯಜಮಾನರು ಕೂತ್ಕೋತಿದ್ದದ್ದು. ಸ್ವಲ್ಪ ಅಲ್ಲಾಡತ್ತೆ, ಬೆಂಚು ಸರಿಮಾಡಿದ ಕೈಯಿಂದ ಇದನ್ನೂ ಮಾಡಿಕೊಡಪ್ಪ ಅಂದ್ರು. ಬೇರೆ ಯಾರಿಗೂ ಮುಟ್ಟಕ್ಕೆ ಕೊಟ್ಟಿರಲಿಲ್ಲವಂತೆ. ಕಣ್ಣಲ್ಲಿ ನೀರು ಹಾಕ್ಕೊಂಡು ಕೇಳಿದ್ರು ಬಾವ, ನಾನು ಹೇಗೆ ಇಲ್ಲ ಅನ್ನಲಿ? ಬಿಚ್ಚಿದೆ. ಬಿಚ್ಚಕ್ಕೆ ಸುಲಭ. ಜೋಡಿಸಿದ್ರೆ ಪ್ರತಿ ಸಲ ಒಂದು ತುಂಡು ಉಳಿಯತ್ತೆ. ಪ್ರತಿ ಸಲ ಬೇರೆ ತುಂಡು. ಶನಿವಾರ ಕೊಡ್ತೀನಿ ಅಂದಿದ್ದೀನಿ.”

ಬಡಗಿ ಆ ತುಂಡುಗಳನ್ನು ನೋಡಿದ, ಬಾವಮೈದನ ಮುಖ ನೋಡಿದ. ಇಂಥ ಗಳಿಗೆಗೆ ಮನುಷ್ಯ ಜೀವಮಾನವಿಡೀ ಕಾಯಬೇಕು. ಈಗ ಹೇಳಬಹುದಿತ್ತು, ಒಂದೇ ವಾಕ್ಯದಲ್ಲಿ, ಅದೂ ಮೆಲ್ಲಗೆ. ವಾಕ್ಯ ನಾಲಿಗೆಯ ತುದಿಗೆ ಬಂದು ಚಪ್ಪಲಿ ಹಾಕಿಕೊಂಡು ನಿಂತಿತ್ತು.

“ಒಂದು ಮಾತು ಬಾವ” ಎಂದ ಬಾವಮೈದ, ಸ್ಟೂಲಿನ ಮೇಲೆ ಕುಸಿದು. “ಆ ಬೆಂಚು ನಾನು ಮಾಡಿದ್ದಲ್ಲ. ನಾನು ಹೋಗಿದ್ದು ನೋಟೀಸು ಹೊಡೆಯಕ್ಕೆ. ಯಾರು ಮಾಡಿದ್ರೋ ಗೊತ್ತಿಲ್ಲ. ಎಲ್ಲೋ ಕೂತು ನನ್ನ ನೋಡಿ ನಗ್ತಿರಬೇಕು. ಯಾರಿರಬಹುದು ಅಂತೀರಿ?”

ಬಡಗಿ ಲಗುಬಗೆಯಿಂದ ಆರು ಸ್ಕ್ರೂ ಬಾಯಿಗಿಟ್ಟುಕೊಂಡ. ಬಾವಮೈದನ ಕೈಗೆ ಒಂದು ಉಳಿ ಕೊಟ್ಟು, ಕುರ್ಚಿಯ ಕಾಲಿನ ಹಳೆಯ ಅಂಟನ್ನು ಕೆರೆಯುವಂತೆ ಸನ್ನೆ ಮಾಡಿದ.

“ನಾನಾ? ಬಾವ, ನೀವು ಮಾಡಿಕೊಡ್ತೀರಿ ಅಂದ್ಕೊಂಡೆ.”

“ಉಂಹುಂ.”

ಗುರುವಾರ ಮಧ್ಯಾಹ್ನವೆಲ್ಲ ಕೆರೆದರು. ಶುಕ್ರವಾರ ಬಡಗಿ ತುಂಡುಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬಾಯಲ್ಲಿ ಸ್ಕ್ರೂ ಇಲ್ಲದಾಗ ಬೈದು, ಇದ್ದಾಗ ಕೈಯಿಂದ ತಿದ್ದಿ, ಕಲಿಸಿದ. ಬಾವಮೈದನ ಅಂಗೈಯಲ್ಲಿ ಎರಡು ಗುಳ್ಳೆ ಎದ್ದವು, ಒಂದು ಒಡೆಯಿತು. “ಅಂಟಿಗೆ ತಾಳ್ಮೆ ಬೇಕು” ಎಂದು ಬಡಗಿ ನೆನಪಿಸಿದ. ಅಷ್ಟು ಸುಖವನ್ನು ಕರ್ತನು ಕ್ಷಮಿಸಿಯಾನು ಎಂದುಕೊಂಡ. ಮೊದಲ ಕಾಲು ಕಚ್ಚಿಗೆ ಸರಿಯಾಗಿ ಇಳಿದು ‘ಟೊಪ್’ ಎಂದಾಗ ಬಾವಮೈದ ಅಕ್ಕನನ್ನು ಕೂಗಿ ಕರೆದು ತೋರಿಸಿದ. ಆಮೇಲೆ ಅದನ್ನು ತೆಗೆದು ಇನ್ನೊಂದು ಸಲ ಕೇಳಿಸಿದ.

“ಇವನಿಗೂ ನಿಮ್ಮ ಗಾಳಿ ಬಡೀತು” ಎಂದಳು ಆಕೆ.

ಶನಿವಾರ ಬೆಳಿಗ್ಗೆ ಉಳಿದದ್ದು ತೋಳುಗಳ ಸ್ಕ್ರೂ ಮಾತ್ರ. ಒಂದು ತೋಳಿನದ್ದನ್ನು ಬಡಗಿ ಹಾಕಿ ತೋರಿಸಿದ. ಬಿಗಿಯಾದ ಮೇಲೂ ತುಸು ತಿರುಗಿಸಿ ಗೀರನ್ನು ನೆಟ್ಟಗೆ ನಿಲ್ಲಿಸಿದ, ಎರಡನೆಯದನ್ನೂ.

“ಅದ್ಯಾಕೆ ಹಾಗೆ?”

“ಸುಮ್ನೆ. ಹಾಗಿದ್ರೆ ಚೆಂದ.”

ಬಾವಮೈದ ಬಗ್ಗಿ ಆ ಎರಡು ಗೀರುಗಳನ್ನು ನೋಡಿದ. ಹೋದ ಭಾನುವಾರ ಎಲ್ಲರೂ ಹೋದ ಮೇಲೆ, ತನಗೆ ಯಾವುದಕ್ಕೆ ಚಪ್ಪಾಳೆ ಬಿತ್ತೆಂದು ನೋಡಲು ಅವನು ಆ ಬೆಂಚಿನ ಕೆಳಗೆ ತೆವಳಿದ್ದ. ಆರು ಹೊಸ ಸ್ಕ್ರೂ ಕಂಡಿದ್ದವು, ಮಿಲಿಟರಿಯವರಂತೆ ನೆಟ್ಟಗೆ ನಿಂತ ಆರು ಗೀರು.

“ಬಾವ” ಎಂದ ನಿಧಾನವಾಗಿ.

ಬಡಗಿ ಡಬ್ಬಿಯಿಂದ ಎರಡು ಸ್ಕ್ರೂ ತೆಗೆದು ಬಾಯಿಗಿಟ್ಟ.

“ಬಾವ, ಆ ಬೆಂಚು.”

ಇನ್ನೆರಡು ಇಟ್ಟ.

“ಉಗೀರಿ ಅದನ್ನ.”

ಬಡಗಿ ಆಗದೆಂದು ಜೋರಾಗಿ ತಲೆಯಾಡಿಸಿದ, ಇನ್ನೂ ಮೂರು ತುರುಕಿದ. ಏಳು ಸ್ಕ್ರೂಗಳ ಹಿಂದಿನಿಂದ ಅವನ ಎರಡು ಕಣ್ಣುಗಳು ಸಿಕ್ಕಿಬಿದ್ದ ಬೆಕ್ಕಿನಂತೆ ನೋಡಿದವು. ಬಾವಮೈದನಿಗೆ ಭಾನುವಾರದ ಆಲೂಗಡ್ಡೆಗಳು ನೆನಪಾದವು. ತಾನು ಈ ಮನುಷ್ಯನ ಮುಂದೆಯೇ ಕೂತು ಅಂಟಿನ ಬಗ್ಗೆ ಉಪನ್ಯಾಸ ಕೊಟ್ಟದ್ದು ನೆನಪಾಯಿತು. ಮೊದಲು ಕಿವಿ ಕೆಂಪಾಯಿತು, ಆಮೇಲೆ ಭುಜ ಕುಲುಕಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ಮರದ ಹೊಟ್ಟಿನ ಮೇಲೆ ಕೂತುಬಿಟ್ಟ. ಬಡಗಿ ತಡೆಯಲು ನೋಡಿದ. ತುಟಿಗಳ ಮೂಲೆಯಿಂದ ಒಂದು ಸ್ಕ್ರೂ ಜಾರಿತು, ಇನ್ನೊಂದು ಜಾರಿತು, ಕೊನೆಗೆ ಐದೂ ಒಟ್ಟಿಗೆ ಹಾರಿ ಗೋಡೆಗೆ ಬಡಿದವು.

ನಗು ಇಳಿದ ಮೇಲೆ ನಿಜವಾದ ಜಗಳ ಶುರುವಾಯಿತು.

“ನಾಳೆ ಸಭೆಯಲ್ಲಿ ನಿಮ್ಮ ಹೆಸರು ಹೇಳ್ತೀನಿ” ಎಂದ ಬಾವಮೈದ.

“ಹೇಳಿದ್ರೆ ನೋಡು. ಐವತ್ತೆರಡು ವರ್ಷಕ್ಕೆ ಒಂದೇ ಒಂದು ಗುಟ್ಟು ಮಾಡಿದ್ದೀನಿ. ಅದನ್ನೂ ಕೆಡಿಸ್ತೀಯಾ?”

“ಹೇಳದಿದ್ರೆ ನಾನು ಕಳ್ಳ ಆಗ್ತೀನಿ.”

“ಹೇಳಿದ್ರೆ ನಾನು ತುತ್ತೂರಿ ಊದಿಸಿದ ಹಾಗಾಗತ್ತೆ.”

“ಅಂದ್ರೆ ನಿಮ್ಮ ಪುಣ್ಯಕ್ಕೆ ನಾನು ಪಾಪಿಯಾಗಿರಬೇಕಾ?”

ಬಡಗಿಗೆ ಬೇಕಿದ್ದದ್ದು ಗುಟ್ಟು, ಬಾವಮೈದನಿಗೆ ಬೇಕಿದ್ದದ್ದು ಬಾಯಿ ಬಿಡುವುದು. ಇಬ್ಬರೂ ಕೇಳುತ್ತಿದ್ದದ್ದು ಒಬ್ಬನೇ ದೇವರ ಮುಂದೆ ಹಗುರಾಗಿ ನಿಲ್ಲಲು. ಕುರ್ಚಿಯ ಕೊನೆಯ ಎರಡು ಸ್ಕ್ರೂಗಳನ್ನು ಬಾವಮೈದನೇ ಹಾಕಿದ. ಒಂದರ ಗೀರು ಸ್ವಲ್ಪ ವಾರೆಯಾಯಿತು. ಕುರ್ಚಿಯನ್ನು ಟೀಚರಮ್ಮನ ಮನೆಗೆ ಹೊತ್ತುಕೊಂಡು ಹೋದ. ಅವರು ಕೂತು, ಕಿಟಕಿಯ ಕಡೆ ಮುಖ ತಿರುಗಿಸಿ ಬಹಳ ಹೊತ್ತು ತೂಗಿಕೊಂಡೇ ಇದ್ದರಂತೆ.

ಭಾನುವಾರ ಪ್ರಕಟಣೆಗಳ ಹೊತ್ತಿಗೆ ಬಾವಮೈದ ಎದ್ದು ನಿಂತ.

“ಮೂರನೇ ಬೆಂಚು ನಾನು ಸರಿಮಾಡಿದ್ದಲ್ಲ” ಎಂದ ಬಾವಮೈದ. “ನಾನು ಅವತ್ತು ಹೊಡೆದದ್ದು ಒಂದು ನೋಟೀಸು, ನಾಲ್ಕು ಮೊಳೆ. ಅದರಲ್ಲಿ ಎರಡು ಸೊಟ್ಟ. ಬೇಕಾದ್ರೆ ಹೋಗಿ ನೋಡಿ. ನೀವು ಚಪ್ಪಾಳೆ ತಟ್ಟಿದ್ರಿ, ನನಗೆ ಹಿತವಾಯ್ತು, ಸುಮ್ಮನಿದ್ದೆ. ತಪ್ಪಾಯ್ತು. ಟೀಚರಮ್ಮ, ಕುರ್ಚಿ ಮಾತ್ರ ನಾನೇ ಜೋಡಿಸಿದ್ದು. ಕಲಿಸಿಕೊಟ್ಟವರು ಬೇರೆ.”

“ಹಾಗಾದರೆ ಬೆಂಚು ಮಾಡಿದ್ದು ಯಾರು?” ಎಂದರು ಪಾದ್ರಿಗಳು.

“ಗೊತ್ತು. ಹೇಳಲ್ಲ. ಹೇಳಿದ್ರೆ ಅವರಿಗೆ ನಷ್ಟ.”

ಚರ್ಚಿನಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಎಲ್ಲರೂ ಎಲ್ಲರನ್ನೂ ನೋಡಿದರು. ದರ್ಜಿಯಮ್ಮ ಬಸ್ ಡ್ರೈವರನನ್ನು ದಿಟ್ಟಿಸಿದಳು, ಅವನು ನಾಚಿ ಕೆಂಪಾದ. ಅವನನ್ನು ನೋಡಿ ಬೇಕರಿಯವನೂ ಕೆಂಪಾದ. ಏನೂ ಮಾಡದವರೆಲ್ಲ ಮಾಡಿದವರಂತೆ ನಾಚತೊಡಗಿದರು. ಮಕ್ಕಳು ಬೆಂಚುಗಳ ಕೆಳಗೆ ನುಗ್ಗಿದರು. ಕೊನೆಗೆ ಸಾಲುಸಾಲಾಗಿ ಕಣ್ಣುಗಳು ಹುಡುಕುತ್ತ ಹಿಂದಕ್ಕೆ ಬಂದು, ಸಭೆಯಲ್ಲಿದ್ದ ಒಬ್ಬನೇ ಬಡಗಿಯ ಮೇಲೆ ನಿಂತವು.

“ಇವರಲ್ಲ ಬಿಡಿ” ಎಂದಳು ದರ್ಜಿಯಮ್ಮ ಗಟ್ಟಿಯಾಗಿ. “ಇವರು ಮಾಡಿದ್ದಿದ್ರೆ ಬುಧವಾರ ಸಂಜೆಗೇ ನಮಗೆಲ್ಲ ಗೊತ್ತಿರ್ತಿತ್ತು.”

ಸಭೆಯೆಲ್ಲ ಹೌದು ಹೌದೆಂದು ನಕ್ಕಿತು. ಕಣ್ಣುಗಳು ಬೇರೆ ಕಡೆ ಹೊರಟುಹೋದವು.

ಬಡಗಿಯ ಗಂಟಲಿಗೆ ಐವತ್ತೆರಡು ವರ್ಷ ಒಟ್ಟಿಗೆ ನುಗ್ಗಿ ಬಂದವು. ಅವಮಾನವೋ ಸಂತೋಷವೋ ತಿಳಿಯಲಿಲ್ಲ. ನಾಲಿಗೆ ಎದ್ದು ನಿಂತಿತ್ತು. ಜೇಬಿಗೆ ಕೈ ಹಾಕಿದ. ಭಾನುವಾರದ ಕೋಟು, ಒಂದು ಸ್ಕ್ರೂ ಕೂಡ ಇಲ್ಲ. ಇನ್ನು ಆಗುವುದಿಲ್ಲ, ಈಗ ಬಾಯಿ ಬಿಟ್ಟೇಬಿಡುತ್ತೇನೆ ಅನ್ನುವಷ್ಟರಲ್ಲಿ ಪಕ್ಕದಿಂದ ಒಂದು ಕೈ ಬಂದು ಅವನ ಅಂಗೈಯೊಳಗೆ ತಣ್ಣಗಿನದೇನನ್ನೋ ಇಟ್ಟು ಬೆರಳುಗಳನ್ನು ಮಡಿಚಿತು.

ಸ್ಕ್ರೂ.

ಹೆಂಡತಿ ನೇರವಾಗಿ ಮುಂದೆ ನೋಡುತ್ತಿದ್ದಳು, ಕೈಚೀಲದ ಬಾಯಿಯನ್ನು ಮೆಲ್ಲಗೆ ಮುಚ್ಚುತ್ತ.

ಬಡಗಿ ಅದನ್ನು ತುಟಿಗಳ ನಡುವೆ ಕಚ್ಚಿಕೊಂಡು ಕಣ್ಣು ಮುಚ್ಚಿದ. ಪ್ರಾರ್ಥಿಸುತ್ತಿದ್ದಾನೆಂದು ಎಲ್ಲರೂ ತಿಳಿದರು. ಅದು ನಿಜವೇ ಆಗಿತ್ತು.

ಮನೆಯ ದಾರಿಯಲ್ಲಿ ಕೇಳಿದ, “ಯಾವಾಗ ಗೊತ್ತಾಯ್ತು ನಿನಗೆ?”

“ಬುಧವಾರ. ಚರ್ಚಿನ ನೆಲದ ಧೂಳು ಬೆನ್ನ ಮೇಲೆ, ಹಾಡ್ತಾ ಬಂದ್ರಿ, ಏನೂ ಹೇಳಲಿಲ್ಲ. ಮೊದಲು ಜ್ವರ ಬಂದಿದೆ ಅಂದ್ಕೊಂಡೆ.”

“ಮತ್ತೆ ಯಾರಿಗೂ ಹೇಳಲಿಲ್ವಾ?”

“ಯಾಕೆ, ಗುಟ್ಟು ಇಟ್ಕೊಳ್ಳೋ ಆಸೆ ನಿಮಗೊಬ್ಬರಿಗೇನಾ?”

ಬಡಗಿ ಸ್ವಲ್ಪ ದೂರ ಲೆಕ್ಕ ಹಾಕುತ್ತ ನಡೆದ. ಗುಟ್ಟು ಎರಡು ಕಡೆ ಸೋರಿತ್ತು, ಆದರೆ ತನ್ನ ಬಾಯಿಂದಲ್ಲ. ಇದನ್ನು ಮೇಲಿನವನು ಒಪ್ಪುತ್ತಾನೋ ಇಲ್ಲವೋ. ಕೇಳೋಣವೆಂದರೆ ಪಾದ್ರಿಗಳನ್ನು ಕೇಳುವಂತೆಯೂ ಇಲ್ಲ. ಆ ಯೋಚನೆಗೇ ಅವನಿಗೆ ನಗು ಬಂತು. ಹಾಲಿನ ಅಂಗಡಿಯ ಮುಂದೆ ನಿಂತು ನಕ್ಕ, ಹೆಂಡತಿಯೂ ನಕ್ಕಳು. ಅಂಗಡಿಯವನು ಏನಾಯಿತೆಂದು ಕೇಳಿದ. “ಏನಿಲ್ಲ” ಎನ್ನಲಾಗದೆ, ಇಬ್ಬರೂ ಹಾಲು ಕೊಂಡರು. ಮನೆಯಲ್ಲಿ ಆಗಲೇ ಹಾಲಿತ್ತು.

ಮುಂದಿನ ಶುಕ್ರವಾರ ಬಡಗಿ ಬಾಗಿಲುಗಳ ಅಳತೆಗೆಂದು ಹೋಗಿ ಮಧ್ಯಾಹ್ನ ಮರಳಿದ. ಕಾರ್ಖಾನೆಯ ಬಾಗಿಲನ್ನು ಎಂದಿನಂತೆ ಭುಜ ಕೊಟ್ಟು ತಳ್ಳಿದ. ಬಾಗಿಲು ಗಾಳಿಯಂತೆ ತೆರೆಯಿತು, ಬಡಗಿ ನೇರವಾಗಿ ಹೋಗಿ ಮರದ ಹೊಟ್ಟಿನ ರಾಶಿಯ ಮೇಲೆ ಬಿದ್ದ. ಎದ್ದು ನೋಡಿದ. ಕೆಳಗಿನ ಅಂಚನ್ನು ಯಾರೋ ಕೀಸಿದ್ದರು, ಸ್ವಲ್ಪ ಏರುಪೇರಾಗಿ. ಬಿಜಾಗರಿಗೆ ಹೊಸ ಸ್ಕ್ರೂಗಳು. ಐದರ ಗೀರುಗಳು ನೆಟ್ಟಗಿದ್ದವು, ಆರನೆಯದು ಸ್ವಲ್ಪ ವಾರೆ.

ಬಡಗಿ ಸ್ಕ್ರೂಡ್ರೈವರ್ ತೆಗೆದುಕೊಂಡು ಆರನೆಯದರ ಗೀರಿಗೆ ಇಟ್ಟ. ತಿರುಗಿಸದೆ ತೆಗೆದ.

“ಬಾಗಿಲು ಯಾರು ಸರಿಮಾಡಿದ್ರು?” ಎಂದಳು ಹೆಂಡತಿ ಹಿತ್ತಲಿನಿಂದ. ಗೊತ್ತಿದ್ದೇ ಕೇಳಿದ ದನಿ.

ಬಡಗಿ ಡಬ್ಬಿಗೆ ಕೈ ಹಾಕಿದ.